ಈಸ್ಟರ್ ಮರುದಿನ ಬಂದ ಗಂಡ ಹೆಂಡತಿ

ಲೂರ್ದು ಮೇರಿಯ ಗಂಡ ಅಂಗಿಯ ಜೇಬಿನಲ್ಲಿ ಒಂದು ಮಾತ್ರೆ ಇಟ್ಟುಕೊಂಡು, ಹೆಂಡತಿಯ ಕೈ ಹಿಡಿದು ಎಳೆದುಕೊಂಡೇ ನಮ್ಮ ದವಾಖಾನೆಗೆ ಬಂದ ಬೆಳಿಗ್ಗೆಯ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಕಾದಿರಿ. ಅದನ್ನು ಈಗಲೇ ಹೇಳಿಬಿಟ್ಟರೆ ನಿಮಗೆ ಅವನ ಮೇಲೆ ಕೋಪ ಬರುತ್ತದೆ, ಇಲ್ಲವೇ ಅವಳ ಮೇಲೆ, ಇಲ್ಲವೇ ನಮ್ಮ ಕಥೋಲಿಕ ಧರ್ಮಸಭೆಯ ಮೇಲೆ. ಕೋಪ ಮಾಡಿಕೊಳ್ಳುವ ಮೊದಲು ನಮ್ಮ ಕೆಲಸ ಎಂಥದು ಅನ್ನುವುದು ಗೊತ್ತಿರಲಿ.

ನಾನು ರೀಟಾ. ನಿವೃತ್ತಳು ಅಂದರೆ ನಗುತ್ತೀರಿ, ತಲೆಯಲ್ಲಿ ಇನ್ನೂ ಒಂದು ಬಿಳಿ ಕೂದಲಿಲ್ಲ. ಆದರೆ ಆ ಕೆಲಸ ಮುಗಿದದ್ದು ನಿಜ. ಹೊಸಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಕನ್ಯಾಸ್ತ್ರೀಯರ ಸಣ್ಣ ದವಾಖಾನೆ ಇತ್ತು. ಅದು ಬಾಗಿಲು ಹಾಕಿದ ದಿನ ನನ್ನ ಕೆಲಸವೂ ಬಾಗಿಲು ಹಾಕಿತು. ಈಗ ಬೇರೆ ಬೇರೆ ಧರ್ಮಕೇಂದ್ರಗಳಲ್ಲಿ ಇದೇ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರು ಫೋನು ಮಾಡಿ ಕೇಳುತ್ತಿರುತ್ತಾರೆ: ಅಕ್ಕಾ, ಏನು ಹೇಳಬೇಕು, ಹೇಗೆ ಹೇಳಬೇಕು. ಒಬ್ಬೊಬ್ಬರಿಗೂ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಮಾತಾಡಿದ ಹಾಗೆ ಟೈಪ್ ಮಾಡುತ್ತಿದ್ದೇನೆ.

ನಾನು ಓದಿದ್ದು ಬಿ.ಕಾಂ. ದವಾಖಾನೆಗೆ ಸೇರಿದ್ದು ಚೀಟಿ ಬರೆಯಲು. ಅಲ್ಲಿ ಸಿಸ್ಟರ್ ಬೆನೆಡಿಕ್ಟಾ ಎನ್ನುವ ನರ್ಸ್ ಕನ್ಯಾಸ್ತ್ರೀ ಮುಖ್ಯಸ್ಥೆ. ಮಕ್ಕಳ ನಡುವೆ ಅಂತರ ಬೇಕು ಎನ್ನುವ ಗಂಡ ಹೆಂಡತಿಯರಿಗೆ ಮಾತ್ರೆ, ಆಪರೇಷನ್ ಇಲ್ಲದ ಸಹಜ ವಿಧಾನವನ್ನು ಅವರು ಕಲಿಸುತ್ತಿದ್ದರು. ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಆಮೇಲೆ ಅವರ ಬೀರುವಿನಲ್ಲಿದ್ದ ಪುಸ್ತಿಕೆಗಳನ್ನೆಲ್ಲ ಓದಿದೆ, ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಅರ್ಥವಾಗದ್ದನ್ನು ನರ್ಸ್‌ಗಳಿಗೆ ಕೇಳಿದೆ. ಸಿಸ್ಟರ್‌ಗೆ ಮಂಡಿನೋವು ಜಾಸ್ತಿಯಾಗಿ ಊರೂರು ತಿರುಗಲು ಆಗದೆ ಹೋದಾಗ ಸ್ಕೂಟರ್ ಕೀ ನನ್ನ ಕೈಗೆ ಬಂತು.

ಸಭೆಯ ಬೋಧನೆಯನ್ನು ನಾನು ಹೀಗೆ ಹೇಳುತ್ತಿದ್ದೆ. ಗಂಡ ಹೆಂಡತಿ ಕೂಡುವುದರಲ್ಲಿ ಎರಡು ವಿಷಯ ಒಟ್ಟಿಗೆ ಇವೆ. ಒಂದು ಅವರಿಬ್ಬರ ಪ್ರೀತಿ, ಇನ್ನೊಂದು ಹುಟ್ಟಬಹುದಾದ ಜೀವ. ಮನುಷ್ಯ ತನ್ನ ಕೈಯಿಂದ ಇವೆರಡನ್ನು ಕತ್ತರಿಸಬಾರದು. ಅದಕ್ಕೇ ಮಾತ್ರೆ ಬೇಡ, ಕಾಪರ್ ಟಿ ಬೇಡ, ಮಕ್ಕಳಾಗದಂತೆ ಮಾಡಿಸಿಕೊಳ್ಳುವ ಆಪರೇಷನ್ ಬೇಡ. ಆದರೆ ದೇಹದಲ್ಲೇ ಮಗು ನಿಲ್ಲದ ದಿನಗಳಿವೆ. ಸರಿಯಾದ ಕಾರಣವಿದ್ದರೆ, ಇಬ್ಬರೂ ಒಪ್ಪಿದರೆ, ಉಳಿದ ದಿನ ದೂರ ಇದ್ದು ಆ ದಿನಗಳಲ್ಲಿ ಮಾತ್ರ ಹತ್ತಿರ ಬರುವುದು ತಪ್ಪಲ್ಲ. ಹೇಳಲು ಇಷ್ಟೇ. ಬದುಕಲು ಎಷ್ಟು ಅನ್ನುವುದು ನನಗೆ ನಿಧಾನಕ್ಕೆ ತಿಳಿಯಿತು.

ಮೊದಲ ಸಲ ಮದುವೆ ತಯಾರಿ ತರಗತಿಗೆ ನಿಂತಾಗ ನನಗೆ ಮದುವೆಯೇ ಆಗಿರಲಿಲ್ಲ. ಬೋರ್ಡಿನ ಮೇಲೆ ಬರೆಯಲು ತಿರುಗಿದರೆ ಹಿಂದಿನ ಸಾಲಿನಲ್ಲಿ ನಗು. ಒಬ್ಬ ಮದುಮಗ ಎದ್ದು ನಿಂತ.

"ಮಿಸ್, ಬೇಜಾರ್ ಮಾಡ್ಕೋಬೇಡಿ. ಈಜು ಬರ್ದೇ ಇರೋರು ಈಜು ಹೇಳ್ಕೊಟ್ರೆ ಮುಳುಗೋದು ನಾವಲ್ವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. "ನೀವೇನು ಈಗಾಗ್ಲೇ ಈಜಿದ್ದೀರಾ?" ಅಂದೆ. ಅವನ ಪಕ್ಕದಲ್ಲಿದ್ದ ಹುಡುಗಿ ಅವನತ್ತ ತಿರುಗಿ ನೋಡಿದ ನೋಟಕ್ಕೆ ಅವನು ಕುಳಿತುಬಿಟ್ಟ. ಅಲ್ಲಿಂದ ಮುಂದೆ ತರಗತಿ ನನ್ನದಾಯಿತು.

ನಂದಗುಡಿ ಕಡೆಯ ಹೆಂಗಸರಿಗೆ ಬೇರೆ ದಾರಿ ಬೇಕಾಯಿತು. ತೇವದ ದಿನ, ಒಣ ದಿನ, ದೇಹ ಕೊಡುವ ಗುರುತು ಎಂದೆಲ್ಲ ನಾಚಿಕೊಂಡು ಹೇಳುತ್ತಿದ್ದರೆ, ಡೇರಿಗೆ ಹಾಲು ಹಾಕುವ ಒಬ್ಬ ಹೆಂಗಸು ತಡೆದು ಹೇಳಿದಳು: "ಅಯ್ಯೋ, ಹಸ ಬೆದೆಗೆ ಬಂದಾಗ ಲೋಳೆ ಹಾಕ್ತದಲ್ಲ, ಅದೇ ತಾನೆ ನೀನ್ ಹೇಳ್ತಿರೋದು? ಅಷ್ಟಕ್ಕೆ ಇಷ್ಟುದ್ದ ಮಾತಾ?"

ಅದೇ, ಅಂದೆ. ಒಂದೇ ಗಳಿಗೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಸಿಸ್ಟರ್‌ಗೆ ಬಂದು ಖುಷಿಯಿಂದ ಹೇಳಿದರೆ ಅವರ ಮುಖ ಗಂಟಾಯಿತು. "ವಿವಾಹ ಒಂದು ಸಂಸ್ಕಾರ, ರೀಟಾ. ಕೊಟ್ಟಿಗೆ ಅಲ್ಲ." ಅವರು ಹೆದರಿದ ಕಾರಣಕ್ಕೆ ಅಲ್ಲದಿದ್ದರೂ ಆ ಉದಾಹರಣೆ ತಿರುಗಿ ಹೊಡೆಯಿತು. ಹಸುವಿನಲ್ಲಿ ಆ ಗುರುತು ಕಂಡ ದಿನವೇ ಡಾಕ್ಟರನ್ನು ಕರೆಸಿ ಗಬ್ಬ ಕಟ್ಟಲು ಇಂಜೆಕ್ಷನ್ ಕೊಡಿಸುವುದು. ಪಾಠ ಕೇಳಿ ಹೋದ ಹೆಂಡತಿ ಗಂಡನಿಗೆ ಹಸುವಿನ ಲೆಕ್ಕ ಹೇಳಿದ್ದಾಳೆ, ಅವನು ಆ ದಿನವೇ ಸರಿಯಾದ ದಿನ ಅಂದುಕೊಂಡಿದ್ದಾನೆ. ಮಗು ಆರೋಗ್ಯವಾಗಿ ಹುಟ್ಟಿತು, ನಾಮಕರಣಕ್ಕೆ ನನ್ನನ್ನೂ ಕರೆದರು. ಊಟ ಬಡಿಸುತ್ತಾ ಆ ಗಂಡ, "ನಿಮ್ ಪಾಠ ಚೆನ್ನಾಗ್ ಕೆಲ್ಸ ಮಾಡ್ತು ಮಿಸ್" ಅಂದ. ಆಮೇಲೆ ಹಸುವಿನ ಉದಾಹರಣೆ ಬಿಡಲಿಲ್ಲ, ಆದರೆ "ಇಲ್ಲಿ ಉಲ್ಟಾ" ಎಂದು ಬಾಯಿಬಿಟ್ಟು ಹೇಳಿಸದೆ ಯಾರನ್ನೂ ಪಾಠದಿಂದ ಏಳಲು ಬಿಡುತ್ತಿರಲಿಲ್ಲ.

ನಗಿಸದ ಪ್ರಶ್ನೆಗಳೂ ಇದ್ದವು. ತರಗತಿ ಮುಗಿದ ಮೇಲೆ ಚಾಪೆ ಮಡಚುತ್ತಿದ್ದ ಒಬ್ಬಾಕೆ ತಲೆ ಎತ್ತದೆ ಕೇಳಿದಳು: "ನೀವ್ ಹೇಳಿದ್ದೆಲ್ಲಾ ಸರಿ ತಾಯಿ. ಕುಡ್ಕೊಂಡ್ ಬಂದೋನಿಗೆ ಇವತ್ತು ಯಾವ ದಿನ ಅಂತ ಹೆಂಗ್ ಹೇಳ್ಲಿ?" ಸಿಸ್ಟರ್ ಬಳಿ ಕೇಳಿದೆ. ಅವರು, "ಅವನನ್ನು ಫಾದರ್ ಹತ್ತಿರ ಕಳಿಸೋಣ" ಅಂದರು. ಅವನು ಹೋಗಲಿಲ್ಲ. ನಾವು ಹೆಂಗಸರಿಗೆ ಕಲಿಸುತ್ತಿದ್ದೆವು, ದಿನ ತೀರ್ಮಾನಿಸುತ್ತಿದ್ದವರು ಗಂಡಸರು. ಈ ಹೊಂದಿಕೆ ಕಣ್ಣೆದುರೇ ಕೆಟ್ಟಿದ್ದರೂ ಕೆಲಸ ಹಾಗೇ ನಡೆಯುತ್ತಿತ್ತು.

ಈಗ ಲೂರ್ದು ಮೇರಿ.

ಬೂದಿಗೆರೆ ಹತ್ತಿರದ ಮನೆ. ಗಂಡ ಪ್ರಕಾಶ ಏರ್‌ಪೋರ್ಟ್‌ನಲ್ಲಿ ಕ್ಯಾಬ್ ಓಡಿಸುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು. ಎರಡನೆಯ ಹೆರಿಗೆಯಲ್ಲಿ ಅವಳಿಗೆ ಉಸಿರು ಸಿಗದೆ ಸಾವಿನ ತನಕ ಹೋಗಿ ಬಂದಿದ್ದಳು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟಿದೆ ಎನ್ನುವುದು ಆಗಲೇ ಗೊತ್ತಾಗಿದ್ದು. ಬೆಂಗಳೂರಿನ ಹೃದಯದ ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು: ಕವಾಟ ಸರಿ ಮಾಡುವ ತನಕ ಇನ್ನೊಂದು ಬಸಿರು ನಿಂತರೆ ಜೀವಕ್ಕೆ ಅಪಾಯ. ಮಕ್ಕಳಾಗದ ಆಪರೇಷನ್ ಮಾಡಿಸಿಕೋ ಅಂದರು, ಅವಳು ಒಲ್ಲೆ ಅಂದಳು. ನನ್ನ ಬಳಿ ಬಂದಳು.

ಬೇರೆಯವರಿಗೆ ತಪ್ಪಿದರೆ ಒಂದು ಮಗು, ಇವಳಿಗೆ ತಪ್ಪಿದರೆ ಇವಳೇ ಇಲ್ಲ. ಅದನ್ನು ಅವಳಿಗೆ ನೇರವಾಗಿ ಹೇಳಿದೆ. ಈ ವಿಧಾನವೂ ತಪ್ಪಬಹುದು ಅಂತಲೂ ಹೇಳಿದೆ. ಅವಳು, "ಗೊತ್ತು ಮಿಸ್, ಅದಕ್ಕೇ ಸರಿಯಾಗ್ ಕಲಿಸ್ಕೊಡಿ" ಅಂದಳು. ಅಷ್ಟು ಶ್ರದ್ಧೆಯಿಂದ ದೇಹವನ್ನು ಗಮನಿಸಿಕೊಂಡ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಾಣಲಿಲ್ಲ. ಪ್ರಕಾಶ ಯಾವತ್ತೂ ಬರಲಿಲ್ಲ. ಡ್ಯೂಟಿ, ಅಂತಿದ್ದಳು. ನಾನೂ ಬಲವಂತ ಮಾಡಲಿಲ್ಲ. ಎಲ್ಲಾ ಸರಿ ಇತ್ತು, ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು, ತಪಸ್ಸುಕಾಲ, ಬರುವ ತನಕ.

ಈಸ್ಟರ್ ಮರುದಿನ ಸೋಮವಾರ. ದವಾಖಾನೆಯಲ್ಲಿ ಹಬ್ಬದ ಕಳೆ ಇನ್ನೂ ಹೋಗಿರಲಿಲ್ಲ. ಪ್ರಕಾಶ ಅವಳನ್ನು ಎಳೆದುಕೊಂಡು ಒಳಗೆ ಬಂದವನೇ ಜೇಬಿನಿಂದ ಮಾತ್ರೆಯ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಮೇಡಂ, ಇದು ಮೆಡಿಕಲ್ ಶಾಪಲ್ಲಿ ಸಿಕ್ತು. ನಮ್ ಡ್ರೈವರ್ ಹುಡುಗ್ರು ಹೇಳಿದ್ರು, ಬೇಗ ನುಂಗಿದ್ರೆ ಬಸ್ರು ನಿಲ್ಲಲ್ವಂತೆ. ಇವ್ಳು ಬಾಯೇ ತೆಗೀತಿಲ್ಲ. ನೀವ್ ಹೇಳಿ."

"ಏನಾಯ್ತು ಮೊದಲು ಹೇಳಿ" ಅಂದೆ.

ಲೂರ್ದು ನೆಲ ನೋಡುತ್ತಿದ್ದಳು. "ಹಬ್ಬದ್ ದಿನ, ಮಿಸ್" ಅಂದಳು.

"ಯಾವ ದಿನ ಅಂತ ನೋಡಿಕೊಂಡಿರಲಿಲ್ಲವಾ?"

"ತಪಸ್ಸುಕಾಲ ಪೂರ್ತಿ ನೋಡ್ಕೊಂಡಿಲ್ಲ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವರ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ: ಬೂದಿ ಬುಧವಾರದಿಂದ ಈಸ್ಟರ್ ತನಕ ಮಾಂಸ ಇಲ್ಲ, ಗಂಡ ಹೆಂಡತಿ ಕೂಡುವುದಿಲ್ಲ. ಅತ್ತೆ ಆರೋಗ್ಯಮ್ಮ ಮಗನ ಚಾಪೆಯನ್ನು ತಾನೇ ಜಗಲಿಯಲ್ಲಿ ಹಾಸುತ್ತಾಳೆ. ಹೇಗೂ ದೂರ ಇದ್ದೇವಲ್ಲ ಎಂದು ಲೂರ್ದು ಗುರುತು ನೋಡುವುದನ್ನೇ ಬಿಟ್ಟಿದ್ದಳು. ಅದಕ್ಕಿಂತ ಹೆಚ್ಚಾಗಿ, "ಉಪವಾಸ ಇದ್ಕೊಂಡು, ಚರ್ಚಲ್ಲಿ ಪರಮಪ್ರಸಾದ ತಗೊಂಡು, ಮೈ ಮೇಲೆ ಗ್ಯಾನ ಇಟ್ಕೊಳೋದು ಪಾಪ ಅನ್ನಿಸ್ತು ಮಿಸ್" ಅಂದಳು. ಈಸ್ಟರ್ ಬಂತು. ಅತ್ತೆ ಚಾಪೆ ಸುತ್ತಿಟ್ಟಳು. ವ್ರತ ಮುಗಿಯಿತು, ಹಬ್ಬ, ಗಂಡ ಮನೆಯಲ್ಲಿದ್ದ. ಅಷ್ಟು ದಿನ ದೇವರಿಗೆ ಕೊಟ್ಟಿದ್ದೇವೆ, ಇವತ್ತು ಏನೂ ಆಗುವುದಿಲ್ಲ ಎಂದು ಇಬ್ಬರೂ ನಂಬಿದ್ದರು. ಬೆಳಗಾದ ಮೇಲೆ ಅವಳು ನೋಡಿಕೊಂಡರೆ ಬಸಿರು ನಿಲ್ಲುವ ತೇವದ ದಿನದ ಗುರುತು ಎದ್ದು ಕಾಣುತ್ತಿತ್ತು.

ನಾನು ಓದಿದ ಯಾವ ಪುಸ್ತಿಕೆಯಲ್ಲೂ ಇದು ಇರಲಿಲ್ಲ. ದೂರ ಇರುವ ದಿನಗಳಲ್ಲೂ ಗುರುತು ನೋಡಬೇಕು, ನಡುವೆ ಬಿಟ್ಟರೆ ಮುಂದಿನ ಮುಟ್ಟು ಬರುವ ತನಕ ಕಾಯಬೇಕು ಎಂದು ಮದುವೆ ತರಗತಿಯಲ್ಲಿ ಯಾರೂ ಹೇಳುವುದಿಲ್ಲ. ವ್ರತವೇ ಅಪಾಯ ತರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ಸಿಸ್ಟರ್ ಬೆನೆಡಿಕ್ಟಾ ಪರದೆ ಸರಿಸಿ ಬಂದರು. ಪೊಟ್ಟಣ ನೋಡಿದರು. ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ, "ಸಭೆಯ ಬೋಧನೆ ಏನು ಅಂತ ಹೇಳು. ಹೇಳಿ ಕಳಿಸು" ಅಂದರು.

"ಅವಳಿಗೆ ಗೊತ್ತು ಸಿಸ್ಟರ್. ಗೊತ್ತಿರೋದಕ್ಕೇ ನುಂಗ್ತಾ ಇಲ್ಲ. ಮೊದಲು ಹೃದಯದ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ತೀನಿ."

"ಅವರು ಏನು ಹೇಳ್ತಾರೆ ಅಂತ ನಿನಗೆ ಗೊತ್ತಿಲ್ಲವಾ?"

"ಗೊತ್ತು. ಅವಳೂ ಕೇಳಲಿ."

ಸಿಸ್ಟರ್ ತಡೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಪ್ರಕಾಶನ ಕ್ಯಾಬ್‌ನಲ್ಲೇ ಹೊರಟೆವು. ದಾರಿಯುದ್ದಕ್ಕೂ ಅವನ ಮೊಬೈಲಿಗೆ ಟ್ರಿಪ್ ಬರುತ್ತಲೇ ಇತ್ತು, ಅವನು ಬೇಡವೆಂದು ತಳ್ಳುತ್ತಲೇ ಇದ್ದ.

ಡಾಕ್ಟರಮ್ಮ ಎಲ್ಲಾ ಕೇಳಿ ನನ್ನತ್ತ ತಿರುಗಿದರು. "ಇವರಿಗೆ ಕಲಿಸಿಕೊಟ್ಟಿದ್ದು ನೀವೇನಾ?"

"ಹೌದು."

"ಇದು ಪ್ರಯೋಗ ಮಾಡೋ ಹೃದಯ ಅಲ್ಲಮ್ಮ."

ಲೂರ್ದು ನಡುವೆ ಬಂದಳು. "ಡಾಕ್ಟ್ರೇ, ಬಯ್ಯೋದಿದ್ರೆ ನನ್ ಬಯ್ಯಿ. ಅವ್ರು ಸರಿಯಾಗೇ ಹೇಳ್ಕೊಟ್ಟಿದ್ರು."

ಡಾಕ್ಟರಮ್ಮ ದನಿ ಇಳಿಸಿದರು. ಈ ಮಾತ್ರೆಯಿಂದ ನಿನ್ನ ಹೃದಯಕ್ಕೆ ತೊಂದರೆ ಇಲ್ಲ, ತಗೊಳ್ಳುವುದಾದರೆ ಇವತ್ತೇ ತಗೋ, ಬಸಿರು ನಿಂತರೆ ಏನಾಗಬಹುದು ಅಂತ ಆಗಲೇ ಹೇಳಿದ್ದೇನೆ, ನಿರ್ಧಾರ ನಿನ್ನದು ಅಂದರು. ಕವಾಟದ ಚಿಕಿತ್ಸೆಯನ್ನು ಮುಂದೂಡುತ್ತಾ ಬಂದದ್ದು ಸಾಕು ಅಂತಲೂ ಅಂದರು.

ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಪ್ರಕಾಶ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಮೇಡಂ, ನಿಮ್ ಒಂದ್ ಮಾತು. ನುಂಗು ಅಂದ್ರೆ ನುಂಗ್ತಾಳೆ. ನನ್ ಮಾತ್ ಕೇಳಲ್ಲ ಇವ್ಳು, ನಿಮ್ದು ಅಂದ್ರೆ ದೇವ್ರ್ ಮಾತು ಇವ್ಳಿಗೆ."

ಅವನು ಹೇಳಿದ್ದು ನಿಜ ಇರಬಹುದು ಎಂದೇ ನನಗೆ ಭಯವಾಯಿತು. ನನ್ನ ಬಾಯಿಂದ ಬರುವ ಒಂದು ಮಾತಿಗೆ ಒಂದು ಜೀವ ನೇತುಬಿದ್ದಿತ್ತು, ಇನ್ನೊಂದು ಮಾತಿಗೆ ಅವಳ ಮನಸ್ಸಾಕ್ಷಿ. ನಾನು ಹೇಳಿದ್ದು ಇಷ್ಟು: "ಲೂರ್ದು, ಸಭೆ ಹೇಳೋದು ನಿಮಗೆ ಗೊತ್ತು. ಡಾಕ್ಟರ್ ಹೇಳಿದ್ದು ಕೇಳಿದ್ರಿ. ಎರಡರಲ್ಲಿ ಯಾವುದನ್ನೂ ನಾನು ಮುಚ್ಚಿಡಲ್ಲ. ನುಂಗಿ ಅಂತ ನನ್ನ ಕೈಲಿ ಹೇಳೋಕಾಗಲ್ಲ. ನುಂಗಿದ್ರೆ ನಿಮ್ಮ ಮನೆಗೆ ಬರೋದು ನಿಲ್ಲಿಸೋದೂ ಇಲ್ಲ."

ಅವಳು ಪೊಟ್ಟಣ ಈಸಿಕೊಂಡಳು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಆಮೇಲೆ ಅದನ್ನು ಗಂಡನ ಜೇಬಿಗೇ ಹಾಕಿದಳು.

"ನಂಗ್ ಹೆದ್ರಿಕೆ ಇಲ್ಲ ಅಂದ್ಕೋಬೇಡಿ. ನಿಮ್ಗಿಂತ ಜಾಸ್ತಿ ಐತೆ. ಆದ್ರೆ ಮನ್ಸು ಒಪ್ತಿಲ್ಲ ಕಣ್ರೀ. ಬಲವಂತ ಮಾಡ್ಬೇಡಿ."

"ನಿಂಗೇನಾದ್ರೂ ಆದ್ರೆ ಮಕ್ಳಿಗೆ ಏನಂತ ಹೇಳ್ಲಿ?" ಅಂದ ಪ್ರಕಾಶ.

ಅವಳು ಕಾರಿನ ಬಾಗಿಲು ತೆಗೆದು ಕುಳಿತಳು. ಅವನು ಬಾಟಲಿ ಹಿಡಿದುಕೊಂಡು ಹಾಗೇ ನಿಂತಿದ್ದ.

ಆಮೇಲೆ ಕಾಯುವುದು. ಹೊಸದಾಗಿ ಸೇರಿದವರಿಗೆ ಹೇಳುತ್ತೇನೆ, ಈ ಕೆಲಸದಲ್ಲಿ ಅತಿ ಕಷ್ಟದ್ದು ಪಾಠ ಅಲ್ಲ, ಪಾಠ ಆದ ಮೇಲೆ ಕಾಯುವುದು. ಮೊಬೈಲಿನಲ್ಲಿ ಲೂರ್ದು ಎಂದು ಹೆಸರು ಮೂಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎತ್ತುತ್ತಿದ್ದೆ. ಒಂದು ಸಲ ಮಗಳ ಜ್ವರಕ್ಕೆ ಯಾವ ಸಿರಪ್ ಎಂದು ಕೇಳಲು ಮಾಡಿದ್ದಳು. ಇನ್ನೊಂದು ಸಲ ಸುಮ್ಮನೆ ಮಾಡಿ, "ಪ್ರಾರ್ಥನೆ ಮಾಡಿ ಮಿಸ್" ಎಂದು ಇಟ್ಟಳು. ಮುಟ್ಟು ಬರಬೇಕಾದ ದಿನ ಬಂತು, ಹೋಯಿತು. ಸಿಸ್ಟರ್ ದಿನಾ ಪೂಜೆ ಮುಗಿಸಿ ಬಂದು ನನ್ನ ಮುಖ ನೋಡುತ್ತಿದ್ದರು. ನಾನು ಇನ್ನೂ ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ.

ಒಂದು ಮಧ್ಯಾಹ್ನ ಯಾರಿಗೋ ಬ್ಯಾಂಡೇಜ್ ಕೊಡುತ್ತಿದ್ದಾಗ ಫೋನು ಬಂತು.

"ಮಿಸ್, ಮುಟ್ಟಾದೆ."

ನಾನು ಬ್ಯಾಂಡೇಜ್ ಕೈಯಲ್ಲಿ ಹಿಡಿದೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸಿಸ್ಟರ್ ಕಿಟಕಿಯಿಂದ ನೋಡಿ ಶಿಲುಬೆ ಗುರುತು ಹಾಕಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೆಲವು ವಾರಗಳ ಮೇಲೆ ಲೂರ್ದು ದವಾಖಾನೆಗೆ ಬಂದಳು, ಒಬ್ಬಳೇ. ಪ್ರಕಾಶ ಮನೆಯೊಳಗೆ ಮಲಗುವುದನ್ನೇ ಬಿಟ್ಟಿದ್ದ. ಡ್ಯೂಟಿ ಮುಗಿಸಿ ಬಂದು, ಉಂಡು, ಮನೆ ಮುಂದೆ ಕಾರಿನಲ್ಲೇ ಮಲಗುತ್ತಿದ್ದ. ಕಾಫಿ ಲೋಟವನ್ನೂ ಅವಳ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ, ಕಟ್ಟೆಯ ಮೇಲಿಡು ಅನ್ನುತ್ತಿದ್ದ.

"ಜೀವ ಉಳೀತು ಮಿಸ್" ಅಂದಳು. "ಗಂಡ ಉಳೀಲಿಲ್ಲ."

ಇಬ್ಬರನ್ನೂ ಚರ್ಚಿನ ಫಾದರ್ ಬಳಿಗೆ ಕರೆದುಕೊಂಡು ಹೋದೆ. ಪ್ರಕಾಶ ಕೂತವನೇ ನೇರ ಕೇಳಿದ: "ಫಾದರ್, ಇವ್ಳಿಗೆ ಬೇಡ. ನಾನೇ ಆಪರೇಷನ್ ಮಾಡಿಸ್ಕೋತೀನಿ. ಪಾಪ ಇದ್ರೆ ನಂಗೇ ಇರ್ಲಿ. ಆಮೇಲೆ ನಂಗೆ ಪರಮಪ್ರಸಾದ ಕೊಡ್ತೀರೋ ಇಲ್ವೋ ಹೇಳ್ಬಿಡಿ."

ಫಾದರ್ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಅದು ಸರಿ ಅಂತ ಹೇಳೋ ಅಧಿಕಾರ ನನಗಿಲ್ಲ ಪ್ರಕಾಶ. ಸಭೆ ಒಪ್ಪಲ್ಲ. ಪಾಪನಿವೇದನೆಗೆ ಬಂದವನಿಗೆ ಬಾಗಿಲು ಹಾಕೋ ಅಧಿಕಾರನೂ ನನಗಿಲ್ಲ. ಆದರೆ ಒಂದು ಕೇಳ್ತೀನಿ. ಇದನ್ನ ನನ್ನ ಕೇಳೋ ಮುಂಚೆ ನಿನ್ನ ಹೆಂಡತೀನ ಕೇಳಿದ್ಯಾ?"

ಕೇಳಿರಲಿಲ್ಲ. ಕಾರಿನಲ್ಲಿ ಮಲಗುವುದನ್ನೂ ಕೇಳಿ ಮಾಡಿರಲಿಲ್ಲ.

ಲೂರ್ದು ಅಲ್ಲಿಯತನಕ ಸೆರಗಿನ ಅಂಚು ಹಿಡಿದು ಕುಳಿತಿದ್ದವಳು ಅವನ ಕಡೆ ತಿರುಗಿದಳು. "ನಾನೇನ್ ನಿಮ್ನ ಹೊರಗ್ ಹಾಕಿದ್ನೇನ್ರೀ? ನಂಗ್ ಹೆದ್ರಿಕೆ ಆದಾಗ ನೀವ್ ಪಕ್ಕದಲ್ಲಿರ್ಬೇಕಿತ್ತು. ನೀವ್ ಕಾರಲ್ಲಿದ್ರಿ. ದೂರ ಇರೋದಾದ್ರೆ ಒಳಗಿದ್ದು ದೂರ ಇರಿ."

"ಒಳಗಿದ್ರೆ ನನ್ ಮೇಲೆ ನಂಗೇ ನಂಬ್ಕೆ ಇಲ್ಲ ಕಣೇ" ಅಂದ ಅವನು. ಗಂಡಸೊಬ್ಬ ಫಾದರ್ ಮುಂದೆ, ಹೊರಗಿನ ಹೆಂಗಸಿನ ಮುಂದೆ ಹೀಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಯಾವ್ ದಿನ ಏನು ಅಂತ ನಂಗೇನ್ ಗೊತ್ತು? ನೀನ್ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಕಣ್ಣಿಗ್ ಬಟ್ಟೆ ಕಟ್ಕೊಂಡ್ ಗಾಡಿ ಓಡ್ಸಿದಂಗೆ."

"ಹಂಗಾರೆ ಕಲೀರಿ" ಅಂದಳು ಅವಳು. "ಮಿಸ್ ಇಲ್ಲೇ ಅವ್ರೆ."

ಪ್ರಕಾಶ ಕಲಿತ. ಫಾದರ್ ಕೋಣೆಯಲ್ಲೇ ಮೊದಲ ಪಾಠ ಆಯಿತು, ಫಾದರ್ ಎದ್ದು ಹೊರಗೆ ಹೋದರು. ಅವನ ಪ್ರಶ್ನೆಗಳು ನನ್ನ ಬೆವರಿಳಿಸಿದವು. ಗುರುತು ನೋಡದೆ ಬಿಟ್ಟ ದಿನಗಳ ಬಗ್ಗೆ ಹೇಳುತ್ತಿದ್ದಾಗ, "ಫ್ಲೈಟ್ ಲೇಟು ಅಂತ ಬೋರ್ಡಲ್ಲಿ ಹಾಕಿದ್ರೆ ಎಷ್ಟೊತ್ ಬೇಕಾದ್ರೂ ಕಾಯ್ತೀವಿ ಮೇಡಂ. ಬೋರ್ಡೇ ಆಫ್ ಆಗಿದ್ರೆ ತಾನೆ ತಲೆ ಕೆಡೋದು" ಅಂದ. ಆ ವಾರದಿಂದ ದಿನದ ಗುರುತು ಏನು ಎಂದು ಕೇಳುವ ಕೆಲಸ ಅವನದಾಯಿತು. ಕಾರು ಖಾಲಿಯಾಯಿತು. ಅನುಮಾನ ಬಂದ ದಿನಗಳಲ್ಲಿ ಬೇಡ ಎಂದು ಮೊದಲು ಹೇಳುತ್ತಿದ್ದವನು ಅವನೇ, ಎಂದು ಲೂರ್ದು ಹೇಳಿದಳು. ಹೇಳುವಾಗ ನಾಚಿದಳು.

ನಾನು ಅಂದಿನಿಂದ ಹೆಂಡತಿಯೊಬ್ಬಳಿಗೇ ಪಾಠ ಹೇಳುವುದನ್ನು ನಿಲ್ಲಿಸಿದೆ. ಸಿಸ್ಟರ್ ಒಪ್ಪಲಿಲ್ಲ. "ಗಂಡಸರು ಬರಲ್ಲ, ಹೆಂಗಸರೂ ಬಿಟ್ಟುಹೋಗ್ತಾರೆ" ಅಂದರು. ಹಾಗೇ ಆಯಿತು, ಎಷ್ಟೋ ಹೆಂಗಸರು ಮತ್ತೆ ಬರಲಿಲ್ಲ. ಕುಡಿದು ಬರುವ ಗಂಡನಿದ್ದವಳೂ ಬರಲಿಲ್ಲ, ಅದು ಈಗಲೂ ಚುಚ್ಚುತ್ತದೆ. ಅಂಥವಳಿಗೆ ಬೇರೆ ಬಾಗಿಲು ತೆರೆದಿಡಬೇಕಿತ್ತು, ಯಾವ ಬಾಗಿಲು ಎಂದು ನನಗೆ ಹೊಳೆಯಲಿಲ್ಲ. ದವಾಖಾನೆ ಮುಚ್ಚುವ ತನಕ ಸಿಸ್ಟರ್‌ಗೂ ನನಗೂ ಇದೊಂದು ವಿಷಯದಲ್ಲಿ ಮಾತು ಕೂಡಲಿಲ್ಲ.

ಲೂರ್ದುಗೆ ಕವಾಟದ ಚಿಕಿತ್ಸೆ ಆಯಿತು, ಆರಾಮಾಗಿದ್ದಾಳೆ. ಇದನ್ನು ದಯವಿಟ್ಟು ನಮ್ಮ ವಿಧಾನ ಗೆದ್ದ ಕಥೆ ಎಂದು ತರಗತಿಯಲ್ಲಿ ಹೇಳಬೇಡಿ. ಆ ತಿಂಗಳು ಅವಳಿಗೆ ಮುಟ್ಟಾಗದೆ ಹೋಗಿದ್ದರೆ ನನ್ನ ಪಾಠದಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ, ಅವಳ ಮನೆಯಲ್ಲಿ ಎಲ್ಲವೂ ಬದಲಾಗುತ್ತಿತ್ತು. ಇದು ಗೊತ್ತಿದ್ದೂ ಆ ಬೋಧನೆಯನ್ನು ನಾನು ನಂಬುತ್ತೇನೆ, ಗೊತ್ತಿದ್ದೇ ಕಲಿಸಿದೆ. ಕಲಿಸುವವರು ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ಹೋಗಬೇಕು.

ನಿಮ್ಮ ಎದುರಿಗೂ ಒಂದು ದಿನ ಗಂಡ ಹೆಂಡತಿ ಬಂದು ನಿಲ್ಲುತ್ತಾರೆ, ಡಾಕ್ಟರ ಮಾತು ಒಬ್ಬರ ಕೈಯಲ್ಲಿ, ಸಭೆಯ ಮಾತು ಇನ್ನೊಬ್ಬರ ಕೈಯಲ್ಲಿ. ಈಗಾಗಲೇ ಬಂದು ನಿಂತಿದ್ದರೆ ನೀವು ಏನು ಹೇಳಿದಿರಿ, ಏನು ಹೇಳದೆ ಬಿಟ್ಟಿರಿ, ಆಮೇಲೆ ಅವರ ಮನೆಗೆ ಹೋಗಿ ನೋಡಿದಿರಾ, ಬರೆದು ತಿಳಿಸಿ. ಪಾರ್ಕಿಂಗ್‌ನಲ್ಲಿ ನಿಂತು ನಾನು ಹೇಳಿದ್ದಕ್ಕಿಂತ ಒಳ್ಳೆಯ ಮಾತು ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದ್ದರೆ, ನನಗೆ ಅದು ಬೇಕು.